ಹಳೆಯ ಮೋಟಾರು ಸೈಕಲ್ಲಿಗೆ ಹೊಸ ಕಾಯಿಲು

ಮನುಷ್ಯನಿಗೆ ಮುಪ್ಪು ಬರುವಂತೆ ಯಂತ್ರಕ್ಕೂ ಮುಪ್ಪು ತಪ್ಪಿದ್ದಲ್ಲ. ಆದರೆ ಯಂತ್ರದ ಮುಪ್ಪಿಗೆ ಒಂದು ಪರಿಹಾರವುಂಟು. ಸವೆದ ಅಂಗವನ್ನು ತೆಗೆದು ಅದರ ಸ್ಥಾನದಲ್ಲಿ ಹೊಸದನ್ನಿಟ್ಟರೆ ಅದು ಇನ್ನೊಂದು ತಲೆಮಾರಿನವರೆಗೆ ದುಡಿಯಬಲ್ಲುದು. ಹೊಸ ಅಂಗವು ಆ ಯಂತ್ರಕ್ಕೆ ತಕ್ಕುದಾಗಿರಬೇಕೆಂಬುದೊಂದೇ ನಿಯಮ. ತಕ್ಕುದಲ್ಲದ್ದನ್ನಿಟ್ಟರೆ ಹಣವೂ ಹೋಗಿ ಯಂತ್ರವೂ ಕೆಡುವುದು. ಹಳೆಯ ಮೋಟಾರು ಸೈಕಲ್ಲುಗಳ ಇಗ್ನಿಷನ್ ಕಾಯಿಲಿನ ವಿಷಯದಲ್ಲಿ ಈ ಮಾತು ವಿಶೇಷವಾಗಿ ನಿಜ. ಏಕೆಂದರೆ ಕಾಯಿಲುಗಳು ಹೊರಗೆ ನೋಡಲು ಹೆಚ್ಚು ಕಡಿಮೆ ಒಂದೇ ತೆರನಾಗಿದ್ದು, ಒಳಗುಣದಲ್ಲಿ ಒಂದಕ್ಕೊಂದು ತೀರ ಬೇರೆಯಾಗಿರುತ್ತವೆ.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲ್ಲೂಕುಗಳಲ್ಲಿ ತಂದೆಯ ಕಾಲದ ಜಾವಾ, ಯೆಜ್ದಿ ಅಥವಾ ಬುಲೆಟ್ ಗಾಡಿಯನ್ನು ಮಾರಲೊಲ್ಲದೆ ಉಳಿಸಿಕೊಂಡಿರುವ ಗೃಹಸ್ಥರು ಇಂದಿಗೂ ಇದ್ದಾರೆ. ಅಂಥವರಿಗೆ ಗಾಡಿಯು ಕೇವಲ ಅಲಂಕಾರದ ವಸ್ತುವಲ್ಲ. ಪೇಟೆಗೂ ತೋಟಕ್ಕೂ ನಂಟರ ಮನೆಗೂ ಅದರ ಮೇಲೆಯೇ ಪ್ರಯಾಣ. ಕುಮಟೆಯಿಂದ ಶಿರಸಿಗೆ ಏರುವ ದೇವಿಮನೆ ಘಟ್ಟದಲ್ಲಿಯೋ, ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಜೋಗದ ಕಡೆಗೆ ಹೋಗುವ ತಿರುವುಗಳಲ್ಲಿಯೋ, ಆಷಾಢದ ಮಳೆ ಸುರಿಯುವ ಸಂಜೆ ಗಾಡಿಯು ನಿಂತುಹೋಗಿ, ಹಿಂದಿನ ಆಸನದಲ್ಲಿ ಮನೆಯಾಕೆಯೋ ಮಗುವೋ ಕುಳಿತಿದ್ದರೆ, ಕಿಡಿಯು ಎಂಥ ಬೆಲೆಯುಳ್ಳ ವಸ್ತುವೆಂಬುದು ಆಗ ತಿಳಿಯುತ್ತದೆ. ಆದುದರಿಂದ ಕಾಯಿಲನ್ನು ಆರಿಸುವ ಬಗೆಯನ್ನು ಯಂತ್ರಶಾಸ್ತ್ರವನ್ನು ಓದದವರಿಗೂ ತಿಳಿಯುವಂತೆ ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ಮೈಸೂರಿನ ಗಾಡಿಗಳು

ನಮ್ಮ ನಾಡಿನಲ್ಲಿ ಹಳೆಯ ಮೋಟಾರು ಸೈಕಲ್ಲೆಂದರೆ ಮೊದಲು ನೆನಪಿಗೆ ಬರುವುದು ಜಾವಾ. ಝೆಕ್ ದೇಶದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬವನು 1929ರಲ್ಲಿ ಈ ಗಾಡಿಯನ್ನು ಮಾಡಲಾರಂಭಿಸಿದನು. ತನ್ನ ಹೆಸರಿನ ಮೊದಲ ಅಕ್ಷರಗಳಿಗೆ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಅವನಿಟ್ಟ ಹೆಸರೇ ಜಾವಾ. ನಮ್ಮಲ್ಲಿ ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯನ್ನು ತೆರೆದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. 1960ರ ದಶಕದ ಆದಿಯಿಂದ ಅಲ್ಲಿ ಜಾವಾ ಗಾಡಿಗಳೂ, 1973ರಿಂದ ಯೆಜ್ದಿ ಎಂಬ ಹೆಸರಿನ ಗಾಡಿಗಳೂ ತಯಾರಾದುವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ದಿ ಎಂಬ ಹೆಸರೂ ಹೊಸ ಗಾಡಿಗಳ ಮೇಲೆ ಮತ್ತೆ ಕಾಣಿಸಿಕೊಂಡುವಾದರೂ ಅವುಗಳ ಯಂತ್ರವೇ ಬೇರೆ. ಅವುಗಳ ಬಿಡಿಭಾಗ ಹಳೆಯ ಗಾಡಿಗೆ ಒದಗುವುದಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳ ಮೂಲವೂ ಬತ್ತಿತು. ಈಗ ದೊರೆಯುವುದು ಮೂರು ಬಗೆ: ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ದಾಸ್ತಾನು, ಅದರ ಅನುಕರಣೆಯಾಗಿ ಅಲ್ಲಲ್ಲಿ ಮಾಡಿದ ಹೊಸ ಮಾಲು, ಬೇರೆ ಗಾಡಿಗಾಗಿಯೋ ಕಾರಿಗಾಗಿಯೋ ಮಾಡಿದ ಕಾಯಿಲು. ಈ ಮೂರರಲ್ಲಿ ಯಾವುದು ನಮ್ಮ ಗಾಡಿಗೆ ಸಲ್ಲುವುದೆಂಬುದನ್ನು ಅಂಗಡಿಯವರ ಮಾತಿನಿಂದಲ್ಲ, ಅಳತೆಯಿಂದ ನಿಶ್ಚಯಿಸತಕ್ಕದ್ದು.

ಕಾಯಿಲು ಮಾಡುವ ಕೆಲಸವೇನು?

ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿಯ ನೀರಿನ ಬಲದಿಂದ ತಲಾ 60 ಮೆಗಾವಾಟಿನ 4 ಯಂತ್ರಗಳು ವಿದ್ಯುತ್ತನ್ನು ಹುಟ್ಟಿಸುತ್ತವೆ. ಅದನ್ನು ದೂರದ ಊರುಗಳಿಗೆ ಕಳುಹಿಸುವ ಮುನ್ನ ಟ್ರಾನ್ಸ್‌ಫಾರ್ಮರುಗಳ ಮೂಲಕ ಅದರ ಒತ್ತಡವನ್ನು ಅನೇಕ ಪಾಲು ಹೆಚ್ಚಿಸುತ್ತಾರೆ. ಕಾಯಿಲೆಂಬುದು ಅಂಗೈಯಲ್ಲಿ ಹಿಡಿಯಬಹುದಾದ ಅಂಥದೇ ಒಂದು ಸಾಧನ. ಮೆದು ಕಬ್ಬಿಣದ ತಗಡುಗಳ ತಿರುಳೊಂದು; ಅದರ ಸುತ್ತ ದಪ್ಪ ತಾಮ್ರದ ತಂತಿಯ ನೂರಾರು ಸುತ್ತುಗಳು; ಕೂದಲಿನಷ್ಟು ಸಪೂರವಾದ ತಂತಿಯ ಸಾವಿರಾರು ಸುತ್ತುಗಳು. ಮೊದಲನೆಯದು ಪ್ರಾಥಮಿಕ ಸುರುಳಿ, ಎರಡನೆಯದು ದ್ವಿತೀಯ ಸುರುಳಿ.

ಆದರೆ ಟ್ರಾನ್ಸ್‌ಫಾರ್ಮರಿನಲ್ಲಿ ಹರಿಯುವುದು ಕ್ಷಣಕ್ಷಣಕ್ಕೆ ದಿಕ್ಕು ಬದಲಿಸುವ ಪ್ರವಾಹ. ಬ್ಯಾಟರಿಯಿಂದ ಬರುವುದು ಒಂದೇ ದಿಕ್ಕಿನ ನೆಮ್ಮದಿಯ ಪ್ರವಾಹ. ಅದರಿಂದ ಕಿಡಿ ಹುಟ್ಟಲಾರದು. ಬದಲಾಗುವ ಅಯಸ್ಕಾಂತಬಲವೇ ವಿದ್ಯುತ್ತನ್ನು ಹುಟ್ಟಿಸುವುದೆಂದು ಫ್ಯಾರಡೆ ಮಹಾಶಯನು 1831ರಲ್ಲಿ ಕಂಡುಹಿಡಿದನಷ್ಟೆ. ಆದುದರಿಂದ ಪ್ರವಾಹವನ್ನು ಹರಿಯಗೊಟ್ಟು ತಟಕ್ಕನೆ ಕಡಿಯಬೇಕು. ತುಂಬಿ ಹರಿಯುವ ಕಾಲುವೆಯ ತೂಬನ್ನು ಒಮ್ಮೆಲೇ ಮುಚ್ಚಿದರೆ ನೀರು ದಡವನ್ನು ಮೀರಿ ಚಿಮ್ಮುವಂತೆ, ಕಡಿದೊಡನೆ ದ್ವಿತೀಯ ಸುರುಳಿಯಲ್ಲಿ ಹತ್ತು ಹದಿನೈದು ಸಾವಿರ ವೋಲ್ಟುಗಳ ಒತ್ತಡ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಕಡಿಯುವ ಕೆಲಸವನ್ನು ಮಾಡುವುವು ‘ಪಾಯಿಂಟು’ಗಳು, ಕಡಿತವು ಚುರುಕಾಗಿಯೂ ಪಾಯಿಂಟುಗಳು ಸುಡದಂತೆಯೂ ಇರಲು ಜೊತೆಯಲ್ಲಿ ‘ಕಂಡೆನ್ಸರ್’ ಎಂಬ ಚಿಕ್ಕ ಡಬ್ಬಿಯಿದೆ. ಅಮೇರಿಕೆಯ ಚಾರ್ಲ್ಸ್ ಕೆಟರಿಂಗನು 1910ರ ಸುಮಾರಿಗೆ ಕ್ಯಾಡಿಲಾಕ್ ಕಾರುಗಳಿಗೆ ಈ ಏರ್ಪಾಡನ್ನು ಒದಗಿಸಿದಂದಿನಿಂದ ಇದು ಲೋಕದಲ್ಲೆಲ್ಲ ಹರಡಿತು.

ಜಾವಾದಂಥ ಎರಡು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 50 ಕಿಡಿಗಳು. ಬುಲೆಟ್ಟಿನ ನಾಲ್ಕು ಹೊಡೆತದ ಎಂಜಿನ್ನಿಗೆ ಇದರ ಅರ್ಧ ಸಾಕು. ಇಷ್ಟು ದುಡಿಯುವ ಅಂಗವು ಮುವತ್ತು ನಲವತ್ತು ವರ್ಷ ಬಾಳುವುದೇ ಆಶ್ಚರ್ಯ.

ಕೆಟ್ಟಿರುವುದು ಕಾಯಿಲೇ ಹೌದೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯುಂಟು. ಗಾಡಿ ನಿಂತೊಡನೆ ಕಾಯಿಲನ್ನು ಬದಲಿಸುವವರು ಎಷ್ಟೋ ಸಲ ಮಾಡುವುದು ಇದನ್ನೇ. ಕೊಳ್ಳುವ ಮುನ್ನ ಈ ಕ್ರಮದಲ್ಲಿ ಪರೀಕ್ಷಿಸಬೇಕು.

ಮೊದಲು ಒಂದು ಹೊಸ ಪ್ಲಗ್ಗನ್ನು ಟೋಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿಗೆ ಬಿಗಿಯಾಗಿ ತಾಗಿಸಿಟ್ಟು ಕಿಕ್ ಹೊಡೆದು ನೋಡಿ. ಸುತ್ತ ಪೆಟ್ರೋಲಿನ ತೇವವಾಗಲಿ ಆವಿಯಾಗಲಿ ಇರಬಾರದು. ಪ್ಲಗ್ಗಿನ ತಂತಿಯನ್ನು ಬರಿಗೈಯಲ್ಲಿ ಹಿಡಿಯಲೂಬಾರದು. ನೀಲಿ ಬಣ್ಣದ, ಚಟಚಟನೆ ಸದ್ದು ಮಾಡುವ ಕಿಡಿ ಬಂದರೆ ದೋಷವು ಬೇರೆಡೆ ಇರುವ ಸಂಭವವೇ ಹೆಚ್ಚು. ಕಿಡಿ ಹಳದಿಯಾಗಿ ಸೊರಗಿದ್ದರೆ ಮುಂದಿನದನ್ನು ನೋಡಿ.

ಎರಡನೆಯದಾಗಿ ಪಾಯಿಂಟುಗಳು. ಅವು ತೆರೆದಾಗ ಇರಬೇಕಾದ ಎಡೆ ಜಾವಾದಲ್ಲಿ ಸುಮಾರು 0.4 ಮಿಲಿಮೀಟರು. ಮುಖಗಳು ಕಪ್ಪಾಗಿ ಸುಟ್ಟಿದ್ದು, ಎಂಜಿನ್ ಓಡುವಾಗ ಅವುಗಳ ನಡುವೆ ದೊಡ್ಡ ಕಿಡಿ ಕಾಣುತ್ತಿದ್ದರೆ ಅಪರಾಧಿಯು ಬಹುಮಟ್ಟಿಗೆ ಕಂಡೆನ್ಸರು, ಕಾಯಿಲಲ್ಲ. ಕಂಡೆನ್ಸರಿನ ಬೆಲೆ ಅತ್ಯಲ್ಪ. ಮೊದಲು ಅದನ್ನು ಬದಲಿಸಿ ನೋಡುವುದೇ ವಿವೇಕ.

ಮೂರನೆಯದಾಗಿ ಕಾಯಿಲಿಗೆ ಬಂದು ಸೇರುವ ಒತ್ತಡ. ನಮ್ಮ ಕರಾವಳಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದುದು ಇದನ್ನೇ. ಬ್ಯಾಟರಿಯಲ್ಲಿ 6 ವೋಲ್ಟುಗಳಿದ್ದರೂ, ಬೀಗದ ಕೈಯ ಸ್ವಿಚ್ಚಿನಲ್ಲಿಯೂ ತಂತಿಯ ಕೊನೆಗಳಲ್ಲಿಯೂ ಉಪ್ಪುಗಾಳಿಯಿಂದ ಹಸುರು ಕಿಲುಬು ಹಿಡಿದಿದ್ದರೆ ದಾರಿಯಲ್ಲಿ 1 ವೋಲ್ಟು ಸೋರಿಹೋಗಬಹುದು. 12 ವೋಲ್ಟಿನ ಗಾಡಿಯಲ್ಲಿ ಇದು ಹನ್ನೆರಡರಲ್ಲೊಂದು ಪಾಲಿನ ನಷ್ಟ; 6 ವೋಲ್ಟಿನದರಲ್ಲಿ ಆರರಲ್ಲೊಂದು ಪಾಲು. ಕಿಡಿಯ ಶಕ್ತಿಯಾದರೋ ಪ್ರವಾಹದ ವರ್ಗಕ್ಕೆ ಅನುಸಾರವಾದುದರಿಂದ, ಈ 1 ವೋಲ್ಟಿನ ಕೊರತೆಯಿಂದ ಕಿಡಿಯ ಬಲದಲ್ಲಿ ಮೂರರಲ್ಲೊಂದು ಪಾಲಿನಷ್ಟು ಕುಂದುತ್ತದೆ. ಪಾಯಿಂಟುಗಳು ಮುಚ್ಚಿರುವಾಗ ಕಾಯಿಲಿನ ತುದಿಯಲ್ಲಿಯೇ ವೋಲ್ಟ್ ಮೀಟರನ್ನಿಟ್ಟು ಅಳೆದರೆ ಗುಟ್ಟು ಬಯಲಾಗುವುದು. ಇಂಥ ಗಾಡಿಗೆ ಎಷ್ಟು ಕಾಯಿಲು ಬದಲಿಸಿದರೂ ಫಲವಿಲ್ಲ. ಕಿಲುಬನ್ನು ಉಜ್ಜಿ ತೆಗೆದರೆ ಹಳೆಯ ಕಾಯಿಲೇ ಮತ್ತೆ ಚುರುಕಾಗುವುದು.

ಇವೆಲ್ಲ ಸರಿಯಿದ್ದರೆ ಮಾತ್ರ ಕಾಯಿಲಿನ ಮೇಲೆ ಸಂಶಯಪಡಬೇಕು. ಕೆಟ್ಟ ಕಾಯಿಲಿಗೆ ಒಂದು ಸ್ಪಷ್ಟ ಲಕ್ಷಣವಿದೆ. ತಣ್ಣಗಿರುವಾಗ ಗಾಡಿ ಒಂದೇ ಒದೆತಕ್ಕೆ ಎದ್ದು, ಹದಿನೈದು ಇಪ್ಪತ್ತು ನಿಮಿಷ ಓಡಿದ ಮೇಲೆ ತೊದಲಿ ನಿಲ್ಲುತ್ತದೆ. ಮರದ ನೆರಳಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಏನೂ ಆಗದಂತೆ ಪುನಃ ಓಡುತ್ತದೆ. ಕಾಯಿಲು ಕಾದಾಗ ಒಳಗಿನ ಸವೆದ ಹೊದಿಕೆ ಬಿಟ್ಟುಕೊಟ್ಟು ಸುತ್ತುಗಳ ನಡುವೆಯೇ ವಿದ್ಯುತ್ತು ಅಡ್ಡದಾರಿ ಹಿಡಿಯುವುದೇ ಇದಕ್ಕೆ ಕಾರಣ. ಇದು ತಣ್ಣಗಿನ ಕಾಯಿಲನ್ನು ಮೀಟರಿನಿಂದ ಅಳೆದರೆ ಕಾಣದು. ಗಾಡಿ ನಿಂತ ಕೂಡಲೇ ಬಿಸಿಯಾಗಿರುವಾಗ ಅಳೆಯಬೇಕು. ಇಲ್ಲವೆ ಸರಿಯೆಂದು ತಿಳಿದ ಅದೇ ಜಾತಿಯ ಇನ್ನೊಂದು ಕಾಯಿಲನ್ನು ಎರವಲು ತಂದು ಜೋಡಿಸಿ ಅಷ್ಟೇ ದೂರ ಓಡಿಸಿ ನೋಡಬೇಕು. ಎರಡನೆಯ ವಿಧಾನವೇ ಹೆಚ್ಚು ನಂಬತಕ್ಕದ್ದು.

ಆರಿಸುವ ಬಗೆ

ಕಾಯಿಲಿನ ಜಾತಿಯನ್ನು ತಿಳಿಸುವುದು ಅದರ ಪ್ರಾಥಮಿಕ ಸುರುಳಿಯ ರೋಧ. ರೋಧವೆಂದರೆ ಪ್ರವಾಹಕ್ಕೆ ತಂತಿಯು ಒಡ್ಡುವ ತಡೆ. ಅದರ ಮಾನ ‘ಓಮ್’. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಹರಿಯುವ ಪ್ರವಾಹವು ಆಂಪಿಯರುಗಳಲ್ಲಿ ದೊರೆಯುವುದು. ಈ ಒಂದು ಲೆಕ್ಕ ತಿಳಿದರೆ ಮುಂದಿನದೆಲ್ಲವೂ ಸುಲಭ.

ಪಾಯಿಂಟುಗಳುಳ್ಳ 6 ವೋಲ್ಟಿನ ಗಾಡಿಯ ಕಾಯಿಲಿಗೆ ಸಾಮಾನ್ಯವಾಗಿ ಒಂದೂವರೆ ಓಮಿನ ಆಸುಪಾಸಿನ ರೋಧವಿರುತ್ತದೆ. 6ನ್ನು 1.5ರಿಂದ ಭಾಗಿಸಿದರೆ 4 ಆಂಪಿಯರು. ಪಾಯಿಂಟುಗಳು ಇದನ್ನು ಸುಖವಾಗಿ ತಡೆದುಕೊಳ್ಳುತ್ತವೆ. 12 ವೋಲ್ಟಿನ ಕಾಯಿಲಿಗೆ 3ರಿಂದ 4 ಓಮುಗಳು. ಅಲ್ಲಿಯೂ ಪ್ರವಾಹ 3ರಿಂದ 4 ಆಂಪಿಯರೇ ಆಗುವುದು. ಈಗ ಇವೆರಡನ್ನೂ ಅದಲುಬದಲು ಮಾಡಿ ನೋಡೋಣ. 12 ವೋಲ್ಟಿನ 3 ಓಮಿನ ಕಾಯಿಲನ್ನು 6 ವೋಲ್ಟಿನ ಜಾವಾಕ್ಕೆ ಹಾಕಿದರೆ ಹರಿಯುವುದು 2 ಆಂಪಿಯರು, ಎಂದರೆ ಅದಕ್ಕೆ ಬೇಕಾದುದರ ಅರ್ಧ. ಕಿಡಿಯ ಬಲ ಕಾಲು ಪಾಲಿಗೆ ಇಳಿಯುವುದು. ಗಾಡಿ ಬಿಸಿಲಿನಲ್ಲಿ ಹೇಗೋ ಓಡಿ ಮಳೆಯಲ್ಲಿ ಕೈಕೊಡುವುದು. 6 ವೋಲ್ಟಿನ ಕಾಯಿಲನ್ನು 12 ವೋಲ್ಟಿನ ಗಾಡಿಗೆ ಹಾಕಿದರೆ 8 ಆಂಪಿಯರು ನುಗ್ಗುವುದು; ಕಿಡಿಯು ಮೊದಲ ದಿನ ಬಹು ಭರ್ಜರಿಯಾಗಿ ಕಂಡು, ಬೇಗನೆ ಪಾಯಿಂಟು ಸುಟ್ಟು ಕಾಯಿಲೂ ಬೇಯುವುದು.

ಇದಕ್ಕಿಂತಲೂ ಕೆಟ್ಟ ಬೆರಕೆಯೊಂದುಂಟು. ಈಚಿನ ಗಾಡಿಗಳಲ್ಲಿ ಪಾಯಿಂಟುಗಳಿಗೆ ಬದಲಾಗಿ ‘ಸಿ.ಡಿ.ಐ.’ ಎಂಬ ವಿದ್ಯುನ್ಮಾನ ಪೆಟ್ಟಿಗೆಯಿರುತ್ತದೆ. ಕೊನೆಯ ವರ್ಷಗಳ ಕೆಲವು ಯೆಜ್ದಿಗಳಲ್ಲಿಯೂ ಅದಿತ್ತು. ಹಳೆಯ ಗಾಡಿಗೆ ತಾವೇ ಜೋಡಿಸಿಕೊಂಡವರೂ ಇದ್ದಾರೆ. ಆ ಪೆಟ್ಟಿಗೆಯು ತಾನೇ ನೂರಾರು ವೋಲ್ಟುಗಳನ್ನು ಕೂಡಿಟ್ಟು ಕ್ಷಣಮಾತ್ರ ಕಾಯಿಲಿಗೆ ಸುರಿಯುವುದರಿಂದ, ಅದರ ಕಾಯಿಲಿಗೆ ಒಂದು ಓಮಿಗಿಂತಲೂ ಬಹಳ ಕಡಿಮೆ ರೋಧ ಸಾಕು. ಅಂಥ 0.3 ಓಮಿನ ಕಾಯಿಲನ್ನು ಪಾಯಿಂಟಿನ 6 ವೋಲ್ಟಿನ ಗಾಡಿಗೆ ಸಿಕ್ಕಿಸಿದರೆ ಲೆಕ್ಕದಂತೆ 20 ಆಂಪಿಯರು ಹರಿಯಬೇಕು! ಫ್ಯೂಸು, ಪಾಯಿಂಟು, ತಂತಿ ಇವುಗಳಲ್ಲಿ ಯಾವುದು ಮೊದಲು ಸುಡುವುದೆಂಬುದೊಂದೇ ಪ್ರಶ್ನೆ. ಅಂಗಡಿಗಳಲ್ಲಿ ಸುಲಭವಾಗಿ ಸಿಕ್ಕುವುದೂ ಬೆಲೆಯಲ್ಲಿ ಅಗ್ಗವಾದುದೂ ಈ ಜಾತಿಯ ಚಿಕ್ಕ ಕಾಯಿಲೇ ಆದುದರಿಂದ ವಾಚಕರು ಇಲ್ಲಿ ವಿಶೇಷ ಎಚ್ಚರದಿಂದಿರಬೇಕು.

ಮೇಲೆ ಬರೆದ ಅಂಕಿಯನ್ನೂ ಕಣ್ಣುಮುಚ್ಚಿ ನಂಬಲಾಗದು. ಹಳೆಯ ಕಾರುಗಳ ಕೆಲವು ಕಾಯಿಲುಗಳ ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ, ಹೊರಗೊಂದು ರೋಧತಂತಿಯನ್ನು ಸೇರಿಸಿಯೇ ಬಳಸಬೇಕೆಂಬ ಸೂಚನೆ ಪಕ್ಕದಲ್ಲಿರುತ್ತದೆ. ಅವುಗಳ ರೋಧ ಒಂದೂವರೆ ಓಮಿನಷ್ಟೇ. ಅವನ್ನು ರೋಧತಂತಿಯಿಲ್ಲದೆ 12 ವೋಲ್ಟಿನ ಗಾಡಿಗೆ ಹಾಕಿದರೆ ಸುಡುತ್ತವೆ. 6 ವೋಲ್ಟಿನ ಗಾಡಿಗೆ ಹಾಕಿದರೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಹೆಸರಿಗಿಂತ ಅಳತೆ ದೊಡ್ಡದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದುದರಿಂದ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಮಲ್ಟಿಮೀಟರಿರಲಿ. ಮೊದಲು ಅದರ ಎರಡು ಮುಳ್ಳುಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಗುರುತುಮಾಡಿಕೊಂಡು, ಮುಂದಿನ ಅಳತೆಯಿಂದ ಅದನ್ನು ಕಳೆಯಿರಿ; ಇಷ್ಟು ಚಿಕ್ಕ ರೋಧದಲ್ಲಿ ಮೀಟರಿನ ತಂತಿಯ ರೋಧವೂ ಲೆಕ್ಕ ತಪ್ಪಿಸಬಲ್ಲುದು. ಎರಡು ಚಿಕ್ಕ ತುದಿಗಳ ನಡುವೆ ಪ್ರಾಥಮಿಕ ರೋಧವನ್ನು ನೋಡಿ. ಪ್ಲಗ್ಗಿನ ತಂತಿ ಕೂಡುವ ಕುಳಿಗೂ ಚಿಕ್ಕ ತುದಿಗೂ ನಡುವೆ ಕೆಲವು ಸಾವಿರ ಓಮುಗಳು ಬರಬೇಕು. ಲೋಹದ ಮೈಯುಳ್ಳ ಉರುಟು ಕಾಯಿಲಾದರೆ, ಮೈಗೂ ತುದಿಗಳಿಗೂ ನಡುವೆ ಏನೂ ಹರಿಯಕೂಡದು. ತಾಮ್ರದ ರೋಧವು ಪ್ರತಿ 10 ಡಿಗ್ರಿ ಸೆಂಟಿಗ್ರೇಡಿಗೆ ನೂರಕ್ಕೆ 4ರಂತೆ ಏರುವುದರಿಂದ, ಬಿಸಿಯಾದ ಕಾಯಿಲಿನ ಅಂಕಿ ಸ್ವಲ್ಪ ಹೆಚ್ಚಾಗಿ ಬಂದರೆ ಗಾಬರಿಪಡಬೇಕಾಗಿಲ್ಲ.

ಜೋಡಿ ಸಿಲಿಂಡರಿನ ಯೆಜ್ದಿ 350 ಇಟ್ಟುಕೊಂಡವರಿಗೆ ಒಂದು ಮಾತು. ಅದರ ಸಿಲಿಂಡರುಗಳು ಅರ್ಧ ಸುತ್ತಿಗೊಂದರಂತೆ ಸರದಿಯಲ್ಲಿ ಉರಿಯುತ್ತವೆ. ಆದುದರಿಂದ ಎರಡು ಜೊತೆ ಪಾಯಿಂಟು, ಎರಡು ಕಾಯಿಲು. ಎರಡು ಪ್ಲಗ್ಗಿಗೂ ಒಟ್ಟಿಗೆ ಕಿಡಿ ಕೊಡುವ ಎರಡು ಕೊಂಬಿನ ಕಾಯಿಲು ಇದಕ್ಕೆ ಸಲ್ಲದು. ಹೊಸ ಪೆಟ್ರೋಲಿನ ಮಿಶ್ರಣ ಒಳಗೆ ನುಗ್ಗುತ್ತಿರುವ ಸಿಲಿಂಡರಿನಲ್ಲಿಯೂ ಅದು ಕಿಡಿ ಹಾರಿಸುವುದು. ಒಂದು ಕಾಯಿಲು ಕೆಟ್ಟಾಗ ಎರಡನ್ನೂ ಒಂದೇ ರೋಧದ ಜೋಡಿಯಾಗಿ ಬದಲಿಸಿದರೆ ಎರಡು ಸಿಲಿಂಡರುಗಳೂ ಸಮನಾಗಿ ದುಡಿಯುವುವು.

ಕಡಲ ಗಾಳಿ ಮತ್ತು ಕಾಯಿಲು

ಮೈಸೂರಿನಲ್ಲಿ ಸರಿಯಾಗಿ ನಡೆದ ಕಾಯಿಲು ಭಟ್ಕಳದಲ್ಲಿಯೂ ಹಾಗೆಯೇ ನಡೆಯುವುದೆಂದು ಹೇಳಲಾಗದು. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಿನಲ್ಲಿಯೇ. ಉಳಿದ ಕಾಲದಲ್ಲಿಯೂ ಗಾಳಿಯಲ್ಲಿ ತೇವ ಮತ್ತು ಉಪ್ಪು. ಉಪ್ಪು ಬೆರೆತ ತೇವವು ವಿದ್ಯುತ್ತಿಗೆ ಒಳ್ಳೆಯ ದಾರಿ. ಕಾಯಿಲಿನ ತಲೆಯ ಮೇಲೆ ಧೂಳೂ ಉಪ್ಪೂ ಕೂತು ಒದ್ದೆಯಾದರೆ, ಪ್ಲಗ್ಗಿಗೆ ಹೋಗಬೇಕಾದ ಕಿಡಿಯು ಆ ಮೇಲ್ಮೈಯ ಮೇಲೆಯೇ ಹರಿದು, ಹರಿದ ದಾರಿಯನ್ನು ಸುಟ್ಟು ಕಪ್ಪು ಗೆರೆಯನ್ನು ಮೂಡಿಸುತ್ತದೆ. ಒಮ್ಮೆ ಮೂಡಿದ ಗೆರೆ ಮುಂದಿನ ಕಿಡಿಗೆ ಹಾದಿಯಾಗುತ್ತದೆ. ರಾತ್ರಿ ದೀಪವಾರಿಸಿ ಎಂಜಿನ್ನನ್ನು ಓಡಿಸಿ ನೋಡಿದರೆ ಈ ಕಳ್ಳಕಿಡಿಯು ನೀಲಿ ಎಳೆಯಾಗಿ ಹರಿದಾಡುವುದು ಕಣ್ಣಿಗೆ ಕಾಣುವುದು.

ಆದುದರಿಂದ ಕರಾವಳಿಯವರು ಒಂದೇ ರೋಧದ ಎರಡು ಕಾಯಿಲುಗಳಲ್ಲಿ ಒಳಗೆಲ್ಲ ರಾಳ ತುಂಬಿ ಗಟ್ಟಿಯಾಗಿ ಮುಚ್ಚಿದ, ಪ್ಲಗ್ಗಿನ ತಂತಿಗೆ ರಬ್ಬರಿನ ಟೋಪಿಯುಳ್ಳದ್ದನ್ನು ಆರಿಸುವುದು ಲೇಸು. ಹಳೆಯ ದಾಸ್ತಾನಿನ ಕಾಯಿಲು ನೋಡಲು ಅಪ್ಪಟ ಮೂಲದಂತಿದ್ದು ಮನಸ್ಸನ್ನು ಸೆಳೆಯುವುದು ಸಹಜ. ಆದರೆ ದಶಕಗಟ್ಟಲೆ ತೇವದ ಅಟ್ಟದಲ್ಲಿದ್ದ ಹೊದಿಕೆ ಒಡೆದಿರಬಹುದು. ಬಳಸದಿದ್ದ ಮಾತ್ರಕ್ಕೆ ವಸ್ತು ಹೊಸದಾಗಿಯೇ ಉಳಿಯುವುದಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾಪ್ರಿಯರು ಸೇರುವ ಕೂಟಗಳಲ್ಲಿ ಗಾಡಿಯನ್ನು ಮೂಲರೂಪದಲ್ಲಿ ತೋರಿಸಬೇಕೆಂಬವರು ಹಳೆಯ ಕಾಯಿಲನ್ನು ಪ್ರದರ್ಶನಕ್ಕೆ ಇಟ್ಟುಕೊಂಡು, ಮಳೆಯ ದಾರಿಗೆ ಹೊಸದನ್ನು ನಂಬಬಹುದು.

ಜೋಡಿಸುವಾಗಲೂ ಕೆಲವು ಎಚ್ಚರಿಕೆಗಳು ಬೇಕು. ಕಾಯಿಲು ಕೂಡುವೆಡೆಯ ತುಕ್ಕನ್ನೂ ಬಣ್ಣವನ್ನೂ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಿ. ಬ್ಯಾಟರಿಯ ಮತ್ತು ಎಂಜಿನ್ನಿನ ಭೂತಂತಿಗಳನ್ನೂ ಹಾಗೆಯೇ ಶುಚಿಮಾಡಿ ಮೇಲೆ ತೆಳುವಾಗಿ ಗ್ರೀಸು ಸವರಿ. ಹಳೆಯ ಪ್ಲಗ್ಗಿನ ತಂತಿಯನ್ನೂ ಟೋಪಿಯನ್ನೂ ಹೊಸ ಕಾಯಿಲಿನ ಜೊತೆಯಲ್ಲಿಯೇ ಬದಲಿಸಿ. ಬಿರುಕು ಬಿಟ್ಟ ತಂತಿಯಿಂದ ಹೊಸ ಕಾಯಿಲೂ ಸೋಲುವುದು. ಕಾಯಿಲು ಸಿಲಿಂಡರಿನ ಬಿಸಿಗೆ ದೂರವಾಗಿ ಗಾಳಿಯಾಡುವಲ್ಲಿರಲಿ. ಗಾಡಿಯನ್ನು 12 ವೋಲ್ಟಿಗೆ ಮಾರ್ಪಡಿಸಬೇಕೆಂದಿದ್ದರೆ ಬ್ಯಾಟರಿ, ದೀಪಗಳು, ಹಾರನ್, ವಿದ್ಯುತ್ತನ್ನು ಹದಗೊಳಿಸುವ ಪೆಟ್ಟಿಗೆ, ಕಾಯಿಲು ಎಲ್ಲವನ್ನೂ ಒಟ್ಟಿಗೆ ಬದಲಿಸತಕ್ಕದ್ದು. ಅರ್ಧ ಮಾಡಿ ಬಿಟ್ಟ ಮಾರ್ಪಾಟು ಎರಡು ಕಡೆಗೂ ಸಲ್ಲದು.

ಕಡೆಯದಾಗಿ ಮನೆಮಂದಿಯೆಲ್ಲರಿಗೂ ತಿಳಿಸಬೇಕಾದ ಮಾತೊಂದುಂಟು. ಎಂಜಿನ್ ಓಡದಿರುವಾಗ ಬೀಗದ ಕೈಯನ್ನು ‘ಆನ್’ನಲ್ಲಿ ಬಿಟ್ಟರೆ, ಪಾಯಿಂಟುಗಳು ಮುಚ್ಚಿರುವ ಸಂದರ್ಭದಲ್ಲಿ ಪ್ರವಾಹವು ಕಡಿಯದೆ ಹರಿದು, ಸ್ವಲ್ಪ ಹೊತ್ತಿನಲ್ಲಿಯೇ ಕಾಯಿಲು ಮುಟ್ಟಲಾರದಷ್ಟು ಕಾಯುವುದು. ಅನೇಕ ಕಾಯಿಲುಗಳು ಸಾಯುವುದು ರಸ್ತೆಯಲ್ಲಲ್ಲ, ಹೀಗೆ ಅಂಗಳದಲ್ಲಿ. ಮಕ್ಕಳು ಗಾಡಿಯನ್ನೇರಿ ಆಟವಾಡುವ ಮನೆಗಳಲ್ಲಿ ಬೀಗದ ಕೈ ಗೋಡೆಯ ಮೊಳೆಯ ಮೇಲಿರಲಿ.

ಹೇಳಿದುದನ್ನೆಲ್ಲ ಒಟ್ಟುಗೂಡಿಸಿದರೆ ಇಷ್ಟಾಯಿತು: ದೋಷವು ಕಾಯಿಲಿನದೇ ಎಂದು ನಿಶ್ಚಯವಾದ ಮೇಲೆ ಕೊಳ್ಳಬೇಕು, ಹೆಸರನ್ನೂ ಹೊಳಪನ್ನೂ ನೋಡದೆ ಓಮುಗಳನ್ನು ನೋಡಿ ಕೊಳ್ಳಬೇಕು, ಕೊಂಡುದನ್ನು ಕಡಲಗಾಳಿಯಿಂದ ಕಾಪಾಡಬೇಕು. ಇಷ್ಟನ್ನು ಪಾಲಿಸುವ ಗೃಹಸ್ಥನಿಗೆ ತಂದೆಯ ಗಾಡಿಯು ಮಳೆಗಾಲದ ಘಟ್ಟದಲ್ಲಿಯೂ ಕೈಕೊಡದೆ ಮನೆಯವರನ್ನು ಕತ್ತಲಾಗುವ ಮುನ್ನ ಮನೆಗೆ ಮುಟ್ಟಿಸುವುದೆಂದು ನಾವು ನಂಬುತ್ತೇವೆ.